ಕಡಲಿಲ್ಲದ ಊರಲ್ಲಿ ಕಡಲ ನೀರು ಕಾಯೋದು

(1/5)
ಫೋಟೋದಲ್ಲಿರೋ ಟ್ಯಾಂಕ್ ನಂದೇ. ನೀರಿದೆ, ಕಲ್ಲಿದೆ, ಪಂಪು ಓಡ್ತಿದೆ, ಮೀನು ಮಾತ್ರ ಇಲ್ಲ. "ಮೀನೆಲ್ಲಿ?" ಅಂತ ಕ್ಲಾಸಿನವರೆಲ್ಲ ಕೇಳಿ ಕೇಳಿ ಸಾಕಾಯ್ತು, ಅದಕ್ಕೇ ಈ ಸರಣಿ.

ಹೋದ ಆಯುಧ ಪೂಜೆಗೆ ಮನೇಲಿ ಎಲ್ಲಾನೂ ತೊಳೀತಿದ್ರು. ನಾನೂ ಉತ್ಸಾಹದಲ್ಲಿ ಫಿಲ್ಟರಿನ ಸ್ಪಂಜು ತೆಗೆದು, ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆದು, ಬಿಸಿಲಿಗೆ ಒಣಹಾಕಿ ವಾಪಸ್ ಇಟ್ಟೆ. ಟ್ಯಾಂಕಿಗೂ ಒಂದು ಎಳೆ ಚೆಂಡುಹೂ ಮಾಲೆ ಬಿತ್ತು. ನಾಲ್ಕನೇ ದಿನ ಎರಡೂ ಕ್ಲೌನ್ ಮೀನು ಸತ್ತವು. ನೀರು ಮಾತ್ರ ಕನ್ನಡಿ ಥರಾ ಇತ್ತು! ಟೆಸ್ಟ್ ಕಿಟ್ ಹಾಕಿ ನೋಡಿದ್ರೆ ಅಮೋನಿಯಾ ಮೇಲೇರಿತ್ತು.

ನಾನು ತೊಳೆದು ಬಿಸಾಕಿದ್ದು ಕೊಳೆ ಅಲ್ಲ, ಫಿಲ್ಟರನ್ನೇ. ಇದು ಗೊತ್ತಾಗೋಕೆ ನನಗೆ ಎರಡು ಮೀನು ಬೇಕಾಯ್ತು. ಜಗತ್ತಿಗೆ ಗೊತ್ತಾಗೋಕೆ ಎಷ್ಟು ಕಾಲ ಹಿಡೀತು ಅಂತ ಮುಂದೆ ಓದಿ.

(2/5)
1846. ಆನ್ನಾ ಥಿನ್ ಅನ್ನೋ ಹೆಂಗಸು ಇಂಗ್ಲೆಂಡಿನ ಟಾರ್ಕೀ ಕಡಲತೀರದಿಂದ ಜೀವಂತ ಹವಳವನ್ನ ಒಂದು ಜಾಡಿಯಲ್ಲಿಟ್ಟು ಲಂಡನ್ನಿನ ಮನೆಗೆ ತಂದಳು. ಅಲ್ಲಿ ಕಡಲಿಲ್ಲ, ತಂದ ನೀರೇ ಗತಿ. ಅದು ಕೆಡದ ಹಾಗೆ ನೋಡ್ಕೊಳ್ಳೋಕೆ ಅವಳು ಹೂಡಿದ ಉಪಾಯ ಕೇಳಿ: ಮನೆಕೆಲಸದ ಹುಡುಗಿ ದಿನಾ ಅರ್ಧ ಮುಕ್ಕಾಲು ಗಂಟೆ ಕಿಟಕಿ ಹತ್ರ ನಿಂತು ಆ ನೀರನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಹೊಯ್ಯೋದು. ಹೋಟೆಲಲ್ಲಿ ಟೀ ಆರಿಸ್ತಾರಲ್ಲ, ಹಾಗೆ. ನೀರಿಗೆ ಗಾಳಿ ಸೇರ್ತು, ಹವಳ ಬದುಕ್ತು. ಮುಂದಿನ ವರ್ಷ ಥಿನ್ ಜೊತೆಗೆ ಕಡಲ ಪಾಚಿಯನ್ನೂ ಬಿಟ್ಟಳು.

ಇವತ್ತು ಸಾವಿರಾರು ರೂಪಾಯಿ ಕೊಟ್ಟು ತರ್ತೀವಲ್ಲ ಏರ್ ಪಂಪು, ವೇವ್ ಮೇಕರು, ಆ ಕೆಲಸಾನ ಮೊದಲು ಮಾಡಿದ್ದು ಆ ಹುಡುಗಿಯ ತೋಳು. ನಾನು ಓದಿದ ಕಡೆಯೆಲ್ಲ ಯಜಮಾನಿಯ ಹೆಸರಿದೆ, ಅವಳದ್ದಿಲ್ಲ.

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೀತು. ಮರುವರ್ಷ ಫಿಲಿಪ್ ಗಾಸ್ ಅನ್ನೋನು ಅಡಿಗೆ ಉಪ್ಪು, ಎಪ್ಸಮ್ ಉಪ್ಪು, ಇನ್ನೆರಡು ಕ್ಲೋರೈಡ್ ಸೇರಿಸಿ ಕಡಲ ನೀರು ಮಾಡೋ ಅಳತೆ ಪ್ರಕಟಿಸಿದ. ಅಲ್ಲಿಗೆ ಕಡಲು ಪುಡಿಯಾಗಿ ಎಲ್ಲಿಗೆ ಬೇಕಾದ್ರೂ ಹೋಗಬಹುದು ಅನ್ನೋ ದಾರಿ ಸಿಕ್ತು. ಆಮೇಲೆ ವಿಲಿಯಂ ಲಾಯ್ಡ್ ಬಂದ. ಜನ ನೋಡೋ ತೊಟ್ಟಿಗಿಂತ ಎಷ್ಟೋ ದೊಡ್ಡ ತೊಟ್ಟಿಯನ್ನ ಕೆಳಗೆ ಕತ್ತಲಲ್ಲಿ ಕಟ್ಟಿ, ಪಂಪಿನಿಂದ ಅದೇ ನೀರನ್ನ ಹಗಲೂ ರಾತ್ರಿ ಸುತ್ತಿಸಿದ. 1871ರ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂ ನಡೆದಿದ್ದು ಹೀಗೆ. ನಿಮ್ಮ ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿರೋ ಸಂಪು ಅದರ ಮೊಮ್ಮಗ.

ನಮ್ಮ ದೇಶದಲ್ಲಿ 1909ರ ಮದ್ರಾಸ್ ಮರೀನಾದ ಅಕ್ವೇರಿಯಂ, 1951ರ ಮುಂಬೈ ತಾರಾಪೊರೆವಾಲಾ, ಎರಡೂ ಕಡಲ ಪಕ್ಕದಲ್ಲೇ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ಶುರುವಾದದ್ದು ಸಿಹಿನೀರಿನದು. ಕಡಲಿಂದ ದೂರ ಇದ್ದೋರಿಗೆ ಉಪ್ಪುನೀರು ಸುಲಭ ಇರಲಿಲ್ಲ.

(3/5)
ಈಗ ನನ್ನ ಸ್ಪಂಜಿನ ವಿಷಯ. ಇದು ಶುರುವಾಗೋದು ಮೀನಿಂದ ಅಲ್ಲ, ದನದ ಕೊಟ್ಟಿಗೆಯಿಂದ.

ಟಿಪ್ಪು ಕಾಲದ ಫಿರಂಗಿಗೆ ಮದ್ದು ಬೇಕಿತ್ತು, ಮದ್ದಿಗೆ ಪೆಟ್ಲುಪ್ಪು. ದನ, ಜನ ಇದ್ದು ಗಂಜಳ ಕುಡಿದ ಹಳೇ ಮಣ್ಣನ್ನ ತೊಳೆದು, ಆ ನೀರು ಕಾಯಿಸಿ ಪೆಟ್ಲುಪ್ಪು ತೆಗೆಯೋ ಕಸುಬು ನಮ್ಮ ದೇಶದಲ್ಲಿ ಬಹಳ ಹಿಂದಿನದು. ಪೆಟ್ಲುಪ್ಪು ಅಂದ್ರೆ ನೈಟ್ರೇಟು. ಗಂಜಳದ ಅಮೋನಿಯಾ ನೈಟ್ರೇಟ್ ಆಗೋದು ಹೇಗೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮಣ್ಣಿನ ಗುಣ ಅಂದ್ಕೊಂಡಿದ್ರು.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಚರಂಡಿ ನೀರನ್ನ ಮರಳಿನ ಮೂಲಕ ನಿಧಾನಕ್ಕೆ ಇಳಿಸಿದ್ರು. ಮೊದಮೊದಲು ಏನೂ ಆಗಲಿಲ್ಲ. ಕೆಲವು ವಾರ ಕಳೆದ ಮೇಲೆ ಕೆಳಗಿಂದ ಬರೋ ನೀರಲ್ಲಿ ಅಮೋನಿಯಾ ಹೋಗಿ ನೈಟ್ರೇಟ್ ಬರೋಕೆ ಶುರುವಾಯ್ತು. ಆಗ ಅವರು ಮೇಲಿಂದ ಕ್ಲೋರೋಫಾರ್ಮ್ ಆವಿ ಬಿಟ್ರು. ಕೆಲಸ ನಿಂತೇಹೋಯ್ತು. ಮರಳು ಅದೇ, ನೀರು ಅದೇ. ಸತ್ತಿದ್ದು ಮರಳಿನ ಮೇಲೆ ಬದುಕಿದ್ದ ಯಾವುದೋ ಜೀವ. 1890ರ ಸುಮಾರಿಗೆ ವಿನೋಗ್ರಾಡ್‌ಸ್ಕಿ ಆ ಜೀವಗಳನ್ನ ಬೇರ್ಪಡಿಸಿ ತೋರಿಸಿದ. ಅವು ಬ್ಯಾಕ್ಟೀರಿಯಾ, ಅದರಲ್ಲೂ ಎರಡು ತಂಡ. ಒಂದು ಅಮೋನಿಯಾನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಅದನ್ನ ನೈಟ್ರೇಟ್ ಮಾಡುತ್ತೆ. ಮೀನಿಗೆ ಮೊದಲಿನದು ವಿಷ, ಎರಡನೇದು ಕೆಟ್ಟದ್ದು, ಮೂರನೇದನ್ನ ಒಂದು ಮಟ್ಟಕ್ಕೆ ತಡ್ಕೊಳ್ಳುತ್ತೆ.

ಅವರ ಕ್ಲೋರೋಫಾರ್ಮ್ ಮಾಡಿದ್ದನ್ನೇ ನನ್ನ ಸ್ಪಂಜಿಗೆ ನಲ್ಲಿ ನೀರಿನ ಕ್ಲೋರಿನ್, ಸಿಹಿನೀರು, ಬಿಸಿಲು ಮೂರೂ ಸೇರಿ ಮಾಡಿದ್ವು. ಸ್ಪಂಜು ತೊಳೀಬೇಕಾ? ಟ್ಯಾಂಕಿಂದಲೇ ಒಂದು ಬಕೆಟ್ ನೀರು ತೆಗೀರಿ, ಅದರಲ್ಲಿ ಮೆತ್ತಗೆ ಹಿಂಡಿ, ಒದ್ದೆ ಇರುವಾಗಲೇ ವಾಪಸ್ ಇಡಿ. ಪಂಡಿತರು 1877ರಲ್ಲೇ ಹೇಳಿದ್ದನ್ನ ನಾನು ಈಗ ಕಲಿತೆ!

(4/5)
ನೈಟ್ರೇಟ್ ಆದಮೇಲೆ? ಅದು ಸೇರ್ತಾನೇ ಹೋಗುತ್ತೆ. ಹವಳ ಇಟ್ಟೋರಿಗೆ ಇದೇ ದೊಡ್ಡ ತಲೆನೋವಾಗಿತ್ತು. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ತನ್ನ ವಿಧಾನ ಬರೆದ: ಕಡಲಿಂದ ತಂದ ಜೀವಂತ ಕಲ್ಲು, ಬಿಸಿಲು, ಒಂದಿಷ್ಟು ಗಾಳಿಗುಳ್ಳೆ, ಅಷ್ಟೇ. ಗುಟ್ಟು ಇರೋದು ಕಲ್ಲಿನೊಳಗೆ. ಅದರ ಸಣ್ಣ ತೂತುಗಳ ಆಳದಲ್ಲಿ ಆಮ್ಲಜನಕ ಇರಲ್ಲ. ಅಲ್ಲಿರೋ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನ ಒಡೆದು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡ್ತವೆ. ಜರ್ಮನಿಯವರು ಇದಕ್ಕೆ ಜೋರು ದೀಪ ಮತ್ತು ಪ್ರೋಟೀನ್ ಸ್ಕಿಮ್ಮರ್ ಸೇರಿಸಿದ್ರು, ಅದೇ ಬರ್ಲಿನ್ ವಿಧಾನ. ಸ್ಕಿಮ್ಮರ್ ಅಂದ್ರೆ ಗಾಬರಿ ಬೇಡ. ಬೇಳೆ ಬೇಯುವಾಗ ಮೇಲೆ ಬರೋ ನೊರೆನ ಅಮ್ಮ ಸೌಟಲ್ಲಿ ತೆಗೀತಾರಲ್ಲ, ಅದೇ ಕೆಲಸ. ಕೊಳೆತು ಅಮೋನಿಯಾ ಆಗೋಕೆ ಮೊದಲೇ ಕಲ್ಮಶಾನ ನೊರೆಯಲ್ಲಿ ಎತ್ತಿ ಹಾಕುತ್ತೆ.

ಆದರೆ ಒಂದು ಮಾತು. ಹವಳವನ್ನ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ 2001ರಲ್ಲಿ ಸೇರಿಸಿದ್ದಾರೆ, ಅಂದ್ರೆ ಹುಲಿಗೆ ಇರೋ ರಕ್ಷಣೆ ಅದಕ್ಕೂ ಇದೆ. ಬಂಡೀಪುರದ ಪಕ್ಕ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ? ಮುರುಡೇಶ್ವರದ ಹತ್ರ ನೇತ್ರಾಣಿಯಲ್ಲಿ ಹವಳ ಇದೆ, ಹೋಗಿ ಮುಳುಗಿ ನೋಡಿ ಬನ್ನಿ, ಕೀಳಬೇಡಿ. ಯಾರಾದ್ರೂ "ಒಂದು ತುಂಡು ಅಷ್ಟೇ, ಏನಾಗಲ್ಲ" ಅಂದ್ರೆ ಕೊಳ್ಳಬೇಡಿ. ನನ್ನ ಟ್ಯಾಂಕಲ್ಲಿರೋದು ತೂತು ತೂತಾದ ಸೆರಾಮಿಕ್ ಕಲ್ಲು. ಕ್ಲೌನ್ ಮೀನನ್ನೂ ಕಡಲಿಂದ ಹಿಡಿಯೋ ಅಗತ್ಯ ಇಲ್ಲ. ಅದರ ಮರಿ ಮಾಡಿಸೋ ವಿಧಾನಾನ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ.

(5/5)
"ಅಣ್ಣಾ, ಗುಂಡ್ಲುಪೇಟೆಯಿಂದ ಕಲ್ಲಿಕೋಟೆ 150 ಕಿಲೋಮೀಟರ್ ಅಷ್ಟೇ, ಮೀನಿನ ಗಾಡಿಯಲ್ಲಿ ನಾಲ್ಕು ಕ್ಯಾನ್ ನೀರು ತರಿಸಬಾರದಾ?" ಅಂತ ಒಬ್ಬ ಕೇಳಿದ್ದ. ತರಿಸಬಹುದು. ಆದರೆ ದಡದ ನೀರಲ್ಲಿ ಊರ ಕೊಳೆ ಇರುತ್ತೆ, ಮಳೆಗಾಲದಲ್ಲಿ ಉಪ್ಪೂ ಇಳಿದಿರುತ್ತೆ. ಗಾಸ್ ದಾರಿಯೇ ವಾಸಿ: ಲೀಟರಿಗೆ ಸುಮಾರು 35 ಗ್ರಾಂ ರೀಫ್ ಉಪ್ಪು. ಅಡಿಗೆ ಉಪ್ಪಲ್ಲ ಮತ್ತೆ!

ಕಷ್ಟ ಇರೋದು ಸಿಹಿನೀರಿಂದು. ನಮ್ಮ ಬೋರ್‌ವೆಲ್ ನೀರು ಗಡಸು. ಪಾತ್ರೆ ಮೇಲೆ ಕೂರೋ ಬಿಳಿ ಪದರ ನೋಡಿದ್ದೀರಲ್ಲ. ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಫ್ಲೋರೈಡೂ ಜಾಸ್ತಿ. ಅದಕ್ಕೇ ಊರೂರಿಗೆ ನಾಣ್ಯ ಹಾಕಿ ಕ್ಯಾನ್ ತುಂಬೋ ಶುದ್ಧ ನೀರಿನ ಘಟಕ ಬಂದಿದ್ದು. ಅದರೊಳಗಿನ ಆರ್‌ಓ ಪೊರೆಗೆ ದಾರಿ ಮಾಡಿದ್ದು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್. ಕಡಲ ನೀರನ್ನ ಕುಡಿಯೋ ನೀರು ಮಾಡ್ಬೇಕು ಅನ್ನೋದು ಅವರ ಆಸೆ. 1965ರಲ್ಲಿ ಕೋಲಿಂಗಾ ಅನ್ನೋ ಊರಲ್ಲಿ ಮೊದಲ ಘಟಕ ಓಡ್ತು, ಅಲ್ಲಿಯ ಅಂತರ್ಜಲ ನಮ್ಮದಕ್ಕಿಂತ ಉಪ್ಪು. ನಾನು ಮಾಡ್ತಿರೋದು ಪೂರ್ತಿ ಉಲ್ಟಾ. ಅದೇ ಪೊರೆಯಿಂದ ನೀರು ಸೋಸಿ, ಅದಕ್ಕೆ ಉಪ್ಪು ಹಾಕಿ ಕಡಲು ಮಾಡ್ತೀನಿ. ಸೌರಿರಾಜನ್ ನೋಡಿದ್ರೆ ನಗ್ತಿದ್ರೇನೋ.

ಘಟಕದ ನೀರು ಕುಡಿಯೋಕೆ ಸರಿ, ಟ್ಯಾಂಕಿಗೆ ಸಾಲದು, ಅದರಲ್ಲಿ ಒಂದಿಷ್ಟು ಲವಣ ಉಳಿದಿರುತ್ತೆ. ಇನ್ನೊಂದು ಸಲ ಡಿಐ ರೆಸಿನ್ ಮೂಲಕ ಹಾಯಿಸಿ ಟಿಡಿಎಸ್ ಮೀಟರ್ 0 ತೋರಿಸಿದ ಮೇಲೆ ಉಪ್ಪು ಬೆರೆಸಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಇಳಿದಾಗ ಉಪ್ಪುನೀರು ಹಾಕಬೇಡಿ. ಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ. ಬರೀ ಸಿಹಿನೀರು ತುಂಬಿಸಿ.

ಹೊಸ ಸ್ಪಂಜು ಹಾಕಿ, ಚಿಟಿಕೆ ಮೀನಿನ ಆಹಾರ ಉದುರಿಸ್ತಾ ಬ್ಯಾಕ್ಟೀರಿಯಾ ಸಾಕ್ತಿದ್ದೀನಿ. ಇವತ್ತಿಗೆ 38ನೇ ದಿನ. ಅಮೋನಿಯಾ 0. ನೈಟ್ರೈಟ್ ಇನ್ನೂ 0.25 ತೋರಿಸ್ತಿದೆ, ಅಂದ್ರೆ ಎರಡನೇ ತಂಡ ಪೂರ್ತಿ ಬಂದಿಲ್ಲ. ಅದಕ್ಕೇ ಮೀನಿಲ್ಲ ಕಣ್ರಪ್ಪಾ.

#ಕಡಲಿಲ್ಲದೂರಕಡಲು #ಚಾಮರಾಜನಗರ #ಗುಂಡ್ಲುಪೇಟೆ