ಕ್ಷಾಮದಲ್ಲಿ ಉಳಿದವರು

ಕ್ಷಾಮದ ಚರಿತ್ರೆಯಲ್ಲಿ ನಾವು ಸತ್ತವರನ್ನು ಎಣಿಸುತ್ತೇವೆ. ಉಳಿದವರ ಗತಿಯೇನಾಯಿತೆಂದು ವಿಚಾರಿಸುವುದು ಅಪೂರ್ವ. 1858ರಲ್ಲಿ ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಎಳೆಹರೆಯದಲ್ಲಿ ಕ್ಷಾಮದಿಂದ ತಾಯಿತಂದೆಗಳನ್ನು ಕಳೆದುಕೊಂಡರು, 1882ರಲ್ಲಿ ವಿಧವೆಯಾದರು.

1889ರಲ್ಲಿ ಅವರು ಮುಂಬಯಿಯಲ್ಲಿ ವಿಧವೆಯರ ವಿದ್ಯಾಭ್ಯಾಸಕ್ಕೆಂದು ಶಾರದಾಸದನವನ್ನು ಸ್ಥಾಪಿಸಿ, ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಅವರು ಕ್ರೈಸ್ತಮತವನ್ನು ಅವಲಂಬಿಸಿದ್ದುದರಿಂದ ಅಲ್ಲಿ ವಿವಾದವೆದ್ದು, 1893ರಲ್ಲಿ ಪ್ರಮುಖ ಪೋಷಕರು ಹಿಂದೆಗೆದರು. ಆದರೂ 1896-97ರ ಕ್ಷಾಮದಲ್ಲಿ ರಮಾಬಾಯಿಯವರು ತಾವೇ ಮಧ್ಯಪ್ರಾಂತಕ್ಕೆ ಹೋಗಿ, ನಿರ್ಗತಿಕರಾದ ನೂರಾರು ವಿಧವೆಯರನ್ನೂ ಬಾಲಿಕೆಯರನ್ನೂ ಕರೆತಂದು, ಪುಣೆಗೆ ಸಮೀಪದ ಕೇಡಗಾಂವದ ಮುಕ್ತಿಸದನದಲ್ಲಿ ನೆಲೆ ಕೊಟ್ಟರು. ಅಲ್ಲಿ ಅನ್ನದೊಡನೆ ಅಕ್ಷರವೂ, ನೇಯ್ಗೆ, ಮುದ್ರಣ ಮೊದಲಾದ ಕಸಬುಗಳೂ ದೊರೆತವು.

ಗಂಜಿಯ ಮನೆ ಮಳೆ ಬಂದೊಡನೆ ಮುಚ್ಚುತ್ತದೆ. ಕಲಿತ ಕಸಬು ಬಾಳಿನುದ್ದಕ್ಕೂ ಕೈಬಿಡದು. ದಾನವನ್ನು ಅಳೆಯಲು ಇದಕ್ಕಿಂತ ಸರಿಯಾದ ಅಳತೆಯನ್ನು ನಾವು ಕಾಣೆವು.