ತೇರಿನ ಮರವೂ ಮೋಟಾರಿನ ಮರವೂ

ಕಪಿಲಾತೀರದ ನಮ್ಮ ಜನಕ್ಕೆ ರಥವೆಂದೊಡನೆ ಕಣ್ಣ ಮುಂದೆ ನಿಲ್ಲುವುದು ನಂಜನಗೂಡಿನ ದೊಡ್ಡ ಜಾತ್ರೆಯ ಐದು ತೇರುಗಳು ಮತ್ತು ಸುತ್ತೂರು ಜಾತ್ರೆಯ ರಥೋತ್ಸವ. ಆಂಗ್ಲರು ತಮ್ಮ ಬರೆಹಗಳಲ್ಲಿ ಈ ತೇರುಗಳನ್ನು ‘ಕಾರು’ ಎಂದೇ ಕರೆದರು; ಮುಂದೆ ಎಣ್ಣೆಯಿಂದೋಡುವ ಗಾಡಿ ಬಂದಾಗ ಅದಕ್ಕೂ ಅದೇ ಹೆಸರು ನಿಂತಿತು. ಹೆಸರಿನ ಈ ನಂಟು ಆಕಸ್ಮಿಕವಾಗಿರಬಹುದು. ವಸ್ತುವಿನ ನಂಟು ಹಾಗಲ್ಲ. ಹಳೆಯ ಮೋಟಾರಿನ ಉಕ್ಕಿನ ಚೌಕಟ್ಟಿಗೂ ಅದರ ಮೇಲೆ ಕುಳಿತ ಒಡಲಿಗೂ ನಡುವೆ, ನೋಡುವವರ ಕಣ್ಣಿಗೆ ಬೀಳದಂತೆ, ಮರದ ಬಿಲ್ಲೆಗಳಿರುತ್ತಿದ್ದವು. ಅವುಗಳ ಚರಿತ್ರೆಯನ್ನೂ, ಸವೆದಾಗ ಅವನ್ನು ಬದಲಿಸುವ ಕ್ರಮವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಋಗ್ವೇದದ ಆರನೆಯ ಮಂಡಲದಲ್ಲಿ ರಥವನ್ನು ಸ್ತುತಿಸುವ ಕೆಲವು ಋಕ್ಕುಗಳುಂಟು. ಋಷಿಯು ಅಲ್ಲಿ ರಥವನ್ನು ‘ವನಸ್ಪತಿ’ ಎಂದೇ ಸಂಬೋಧಿಸುತ್ತಾನೆ. ಅದು ‘ಗೋ’ಗಳಿಂದ ಬಿಗಿಯಲ್ಪಟ್ಟಿದೆ ಎನ್ನುತ್ತಾನೆ. ಹಸುಗಳಿಂದ ರಥವನ್ನು ಬಿಗಿಯುವುದೆಂದರೇನು? ಇಲ್ಲಿ ಗೋಶಬ್ದಕ್ಕೆ ಚರ್ಮವೆಂದೂ ಅಂಟೆಂದೂ ಅರ್ಥ ಹೇಳಬೇಕೆಂದು ಯಾಸ್ಕಾಚಾರ್ಯನು ನಿರುಕ್ತದ ಎರಡನೆಯ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಮರಕ್ಕೆ ಮರವನ್ನು ಕೂಡಿಸುವಲ್ಲಿ ನಡುವೆ ಮೃದುವಾದುದೊಂದು ಬೇಕೆಂಬುದು ಅಂದಿನವರಿಗೂ ತಿಳಿದಿತ್ತು. ಅಂದಿನ ‘ಆಣಿ’ ಎಂಬ ಶಬ್ದವನ್ನು ನಮ್ಮ ಎತ್ತಿನ ಗಾಡಿಯ ‘ಕಡಾಣಿ’ಯಲ್ಲಿ ಈಗಲೂ ಕೇಳುತ್ತೇವೆ. ರಥವನ್ನು ಕಟ್ಟುವ ರಥಕಾರನಿಗೆ ಮಳೆಗಾಲದಲ್ಲಿ ಅಗ್ನ್ಯಾಧಾನ ಮಾಡುವ ಅಧಿಕಾರವನ್ನು ವೇದವು ವಿಧಿಸಿದೆ. ಆತನು ಯಾರು, ರಥ ಮಾಡಿದವರೆಲ್ಲರೂ ರಥಕಾರರೇ ಎಂಬ ಪ್ರಶ್ನೆಯನ್ನು ಮೀಮಾಂಸಕರು ಒಂದು ಅಧಿಕರಣವಾಗಿಯೇ ಎತ್ತಿಕೊಂಡು ಚರ್ಚಿಸಿದ್ದಾರೆ. ಪಾಠಶಾಲೆಯಲ್ಲಿ ಇದನ್ನೋದುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಡಗಿಯ ಕೊಟ್ಟಿಗೆಯೊಳಗೆ ಕಾಲಿಟ್ಟು ನೋಡಿದ್ದಾರೋ ನಾನರಿಯೆ.

ಇನ್ನು ಮೋಟಾರಿನ ವಿಷಯ. ಅಮೆರಿಕೆಯ ಫೋರ್ಡ್ ಕಂಪೆನಿಯು 1908ರಿಂದ 1927ರವರೆಗೆ ಮಾಡಿದ ‘ಟಿ’ ಮಾದರಿಯ ಗಾಡಿಗಳ ಸಂಖ್ಯೆ ಒಂದೂವರೆ ಕೋಟಿಗೂ ಮಿಕ್ಕಿತು. ಚೌಕಟ್ಟು ಉಕ್ಕಿನದಾದರೂ ಒಡಲು ಅದರ ಮೇಲೆ ನೇರವಾಗಿ ಕೂರುತ್ತಿರಲಿಲ್ಲ. ನಡುವೆ ಮರದ ಬಿಲ್ಲೆಗಳನ್ನಿಟ್ಟು ಬೋಲ್ಟುಗಳಿಂದ ಬಿಗಿಯುತ್ತಿದ್ದರು. ಇದಕ್ಕೆ ಕಾರಣಗಳಿವೆ. ಲೋಹವು ಲೋಹಕ್ಕೆ ತಾಗಿದರೆ ಕಿರುಗುಟ್ಟುತ್ತದೆ, ತುಕ್ಕು ಹಿಡಿಯುತ್ತದೆ. ಹಳ್ಳದಿಣ್ಣೆಯ ದಾರಿಯಲ್ಲಿ ಚೌಕಟ್ಟು ತಿರುಚಿದಾಗ, ಆ ತಿರುಚಿನಲ್ಲಿ ಸ್ವಲ್ಪವನ್ನು ಮರವು ನುಂಗಿಕೊಂಡು ಒಡಲನ್ನು ಕಾಪಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಲ್ಲೆಯ ದಪ್ಪವನ್ನು ಹೆಚ್ಚು ಕಡಮೆ ಮಾಡಿ ಬಾಗಿಲುಗಳನ್ನು ಸರಿಯಾಗಿ ಕೂರಿಸಬಹುದು. ಅನೇಕ ಗಾಡಿಗಳಲ್ಲಿ ಒಡಲಿನ ಅಸ್ಥಿಪಂಜರವೇ ಮರದ್ದಾಗಿದ್ದು ತಗಡು ಬರಿಯ ಹೊದಿಕೆಯಾಗಿತ್ತು. ಪೂರ್ಣ ಉಕ್ಕಿನ ಒಡಲು ಹಬ್ಬಿದ ಮೇಲೆ ಮರದ ಸ್ಥಾನವನ್ನು ಮೆಲ್ಲಮೆಲ್ಲನೆ ರಬ್ಬರು ಆಕ್ರಮಿಸಿತು.

ನಮ್ಮ ಸೀಮೆಯಲ್ಲಿ ಮರದ ಕಾಲ ಇನ್ನೂ ದೀರ್ಘವಾಗಿತ್ತು. ಹೊರದೇಶದಿಂದ ಚೌಕಟ್ಟೂ ಯಂತ್ರವೂ ಬರುತ್ತಿದ್ದವು. ಬಸ್ಸಿನ ಒಡಲನ್ನು ಕಟ್ಟುತ್ತಿದ್ದವರು ಇಲ್ಲಿನ ಬಡಗಿಗಳು. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಆರಂಭವಾಗುವ ಮುನ್ನ ಊರೂರಿಗೆ ಓಡುತ್ತಿದ್ದ ಖಾಸಗಿ ಬಸ್ಸುಗಳು ಬಹುಮಟ್ಟಿಗೆ ಇಂಥವೇ. ಚೌಕಟ್ಟಿನ ಮೇಲೆ ತೊಲೆಯಿಟ್ಟು ಒಡಲೆಬ್ಬಿಸುವ ಕೆಲಸವು ಗಾಡಿ ಮಾಡಿ ಪಳಗಿದ ಕೈಗೆ ಹೊಸದಾಗಿರಲಿಲ್ಲ.

ಬಿಲ್ಲೆಗೆ ಶತ್ರು ನೀರು. ಮಳೆಯ ನೀರು ಬೋಲ್ಟಿನ ಗುಂಟ ಇಳಿದು ತೂತಿನಲ್ಲಿ ನಿಲ್ಲುತ್ತದೆ. ಮರ ಕೊಳೆಯುತ್ತದೆ, ತೂತು ಅಗಲವಾಗುತ್ತದೆ, ಗೆದ್ದಲು ಉಳಿದುದನ್ನು ನೋಡಿಕೊಳ್ಳುತ್ತದೆ. ಆಗ ಒಡಲು ಅಲ್ಲಿ ಕುಸಿಯುವುದು. ಬಾಗಿಲು ಹೊಸ್ತಿಲಿಗೆ ಉಜ್ಜುವುದು. ಒಡೆಯನು ಕೀಲನ್ನು ಬೈದು ಬಾಗಿಲಿನ ಅಂಚನ್ನು ಅರದಿಂದ ಉಜ್ಜಿಸುತ್ತಾನೆ! ದೋಷವಿರುವುದು ಮೊಳದುದ್ದ ಕೆಳಗೆ.

ಮೈಸೂರಿನ ಕೊಟ್ಟಿಗೆಯೊಂದರಲ್ಲಿ ಈ ಕೆಲಸವನ್ನು ನಾನು ಎರಡು ದಿನ ಕುಳಿತು ನೋಡಿದ್ದೇನೆ. ವೃದ್ಧ ಬಡಗಿಯು ಮೊದಲು ಉಳಿಯನ್ನು ಮುಟ್ಟಲೇ ಇಲ್ಲ. ಪ್ರತಿಯೊಂದು ಬಾಗಿಲಿನ ಸಂದನ್ನೂ, ಪ್ರತಿಯೊಂದು ಬಿಲ್ಲೆಯ ದಪ್ಪವನ್ನೂ ಅಳೆದು ಹಲಗೆಯ ಮೇಲೆ ಬರೆದನು. ದಪ್ಪಗಳು ಒಂದೇ ಸಮನಾಗಿರಲಿಲ್ಲ, ಹಾಗಿರಬೇಕಾದುದೂ ಇಲ್ಲ. ಅನಂತರ ಒಡಲಿನ ಅಂಚಿಗೆ ಅಗಲವಾದ ಹಲಗೆಯನ್ನು ಒಡ್ಡಿ, ಜಾಕಿಯಿಂದ ಬೆರಳಿನಷ್ಟು ಮಾತ್ರ ಎತ್ತಿ, ಒಂದು ಬಿಲ್ಲೆಯನ್ನು ತೆಗೆದು, ಹೊಸದನ್ನಿಟ್ಟು, ಆಮೇಲೆ ಮುಂದಿನದಕ್ಕೆ ಹೋದನು. ಎಲ್ಲವನ್ನೂ ಒಮ್ಮೆಗೇ ಬಿಚ್ಚಿದರೆ ಮೊದಲಿನ ನೆಲೆ ಮತ್ತೆ ಸಿಕ್ಕದು. ಒತ್ತಡದಿಂದ ಚಪ್ಪಟೆಯಾದ ಹಳೆಯ ಬಿಲ್ಲೆಯ ಅಳತೆಯನ್ನೇ ಹೊಸದಕ್ಕೆ ಕೊಡಬಾರದೆಂದೂ, ಕೊಳೆಯದೆ ಉಳಿದ ಇನ್ನೊಂದು ಪಕ್ಕದ ಜೋಡಿಯನ್ನು ನೋಡಿ ನಿರ್ಣಯಿಸಬೇಕೆಂದೂ ಆತನೇ ಹೇಳಿದನು.

ಮರದ ಆಯ್ಕೆಯಲ್ಲಿ ಆತನು ತೇಗವನ್ನಲ್ಲದೆ ಬೇರೊಂದನ್ನು ಒಪ್ಪಲಿಲ್ಲ. ಕರಿಜಾಲಿ ಗಟ್ಟಿಯಲ್ಲವೆ, ಗಾಡಿಯ ಚಕ್ರಕ್ಕೆ ಅದೇ ಅಲ್ಲವೆ ಎಂದು ಕೇಳಿದೆ. ‘ಅದರ ಒಗರು ಕಬ್ಬಿಣವನ್ನು ತಿನ್ನುತ್ತದೆ, ಮೇಷ್ಟ್ರೇ’ ಎಂದನು. ತೇಗದಲ್ಲಿ ಸ್ವಾಭಾವಿಕವಾದ ಎಣ್ಣೆಯಿದ್ದು ಕಬ್ಬಿಣದೊಡನೆ ಅದು ಹೊಂದಿಕೊಂಡಿರುವುದು. ಹಡಗು ಕಟ್ಟುವವರು ಅದನ್ನು ಮೆಚ್ಚಿದುದಕ್ಕೆ ಇದೂ ಒಂದು ಕಾರಣ. ಕಾಕನಕೋಟೆಯ ಕಾಡಿನ ತೇಗವು ಒಂದು ಕಾಲಕ್ಕೆ ನಮ್ಮ ಜಿಲ್ಲೆಯ ಹೆಮ್ಮೆ. 1974ರಲ್ಲಿ ಮುಗಿದ ಕಬಿನಿಯ ಅಣೆಕಟ್ಟಿನ ನೀರಿನಲ್ಲಿ ಆ ಕಾಡಿನ ಒಂದು ಭಾಗ ಮುಳುಗಿತು. ಈ ಬಡಗಿಯ ತೇಗವು ಕೆಡವಿದ ಹಳೆಯ ಮನೆಯೊಂದರ ತೊಲೆ. ಚೆನ್ನಾಗಿ ಒಣಗಿದ ಮರ. ತೂತನ್ನು ಕೊರೆದ ಮೇಲೆ ಬಿಲ್ಲೆಗಳನ್ನು ಅಗಸೆಯೆಣ್ಣೆಯಲ್ಲಿ ನೆನೆಯಿಟ್ಟು, ಒಣಗಿಸಿ, ತೂತಿನ ಒಳಗೂ ಬಣ್ಣ ಬಳಿದು, ಮೇಲೊಂದು ತೊಗಲಿನ ಚೂರನ್ನಿಟ್ಟು ಕೂರಿಸಿದನು. ಯಾಸ್ಕನನ್ನು ಆತನು ಓದಿರಲಿಲ್ಲವೆಂದು ಹೇಳಬೇಕಾಗಿಲ್ಲ.

ರಬ್ಬರನ್ನಿಟ್ಟರೆ ಇಷ್ಟೊಂದು ಶ್ರಮವಿಲ್ಲವಲ್ಲ ಎನ್ನುವವರುಂಟು. ದಿನನಿತ್ಯ ಓಡುವ ಗಾಡಿಗೆ ಅದು ಸರಿಯೇ. ಆದರೆ ಮರಕ್ಕೆಂದು ರಚಿಸಿದ ಒಡಲಿನ ಕೆಳಗೆ ಮೆತ್ತನೆಯ ರಬ್ಬರನ್ನಿಟ್ಟರೆ ಒಡಲು ಅಲುಗಾಡಿ ಹಳೆಯ ತಗಡು ಬೋಲ್ಟಿನ ಸುತ್ತ ಬಿರಿಯುವ ಭಯವಿದೆ. ಬದಲಿಸುತ್ತ ಹೋದರೆ ಗಾಡಿ ಅದೇ ಗಾಡಿಯಾಗಿ ಉಳಿಯುವುದೇ ಎಂಬ ಆಕ್ಷೇಪ ಹಳೆಯದು. ನಾಗಸೇನ ಭಿಕ್ಷುವು ಮಿಲಿಂದ ರಾಜನನ್ನು ನಿರುತ್ತರಗೊಳಿಸಿದುದೂ ರಥದ ಅಂಗಗಳನ್ನು ಒಂದೊಂದಾಗಿ ತೋರಿಸಿಯೇ. ನಮ್ಮ ದೇವಾಲಯಗಳವರು ಈ ವಾದಕ್ಕೆ ಕಾಯಲಿಲ್ಲ. ಚಾಮರಾಜನಗರದ ಚಾಮರಾಜೇಶ್ವರಸ್ವಾಮಿಯ ರಥವು 2017ರಲ್ಲಿ ಬೆಂಕಿಗೆ ಸಿಕ್ಕಿತು. ಹೊಸ ರಥ ಸಿದ್ಧವಾಗಿ 2022ರ ಆಷಾಢದಲ್ಲಿ ಉತ್ಸವ ಮತ್ತೆ ನಡೆಯಿತು. ಜನರು ಅದನ್ನು ಚಾಮರಾಜೇಶ್ವರನ ತೇರೆಂದೇ ಎಳೆದರು. ನನ್ನ ಅಭಿಪ್ರಾಯದಲ್ಲಿ ಮೋಟಾರಿಗೂ ಈ ನ್ಯಾಯವೇ ಸಲ್ಲತಕ್ಕದ್ದು, ಆದರೆ ಅಳತೆಯೂ ಮರದ ಜಾತಿಯೂ ಬದಲಾಗಬಾರದು. ಶ್ರೀರಂಗಪಟ್ಟಣದ ಸಮೀಪದ ನಗುವನಹಳ್ಳಿಯಲ್ಲಿ 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಗಾಡಿಗಳನ್ನು ನೋಡಹೋಗುವ ವಾಚಕರು ಬಣ್ಣದ ಹೊಳಪಿನಲ್ಲಿಯೇ ನಿಲ್ಲದೆ ಒಮ್ಮೆ ಬಗ್ಗಿ ಅಡಿಯನ್ನೂ ನೋಡಲಿ.

ಆ ಬಡಗಿಯು ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯಲಿಲ್ಲ. ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ, ಪ್ರತಿಸಲವೂ ಬಾಗಿಲನ್ನು ಮುಚ್ಚಿ ತೆರೆದು ಕಿವಿಗೊಟ್ಟು ಕೇಳಿದನು. ನೂರು ಮೈಲಿ ಓಡಿಸಿದ ಮೇಲೆ ಮರ ಕುಳಿತುಕೊಳ್ಳುವುದೆಂದೂ ಆಗ ಮತ್ತೊಮ್ಮೆ ತರಬೇಕೆಂದೂ ಒಡೆಯನಿಗೆ ತಿಳಿಸಿ, ತೆಗೆದ ಹಳೆಯ ಬಿಲ್ಲೆಗಳಿಗೆ ಕ್ರಮವಾಗಿ ಅಂಕಿ ಬರೆದು, ಚೀಲದಲ್ಲಿ ಕಟ್ಟಿ, ಆಸನದ ಕೆಳಗೆ ಇಟ್ಟುಕೊಟ್ಟನು.