ಪರರ ಗಾಯಕ್ಕೆ ನಮ್ಮ ಕ್ಷಮೆ

1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕಥೋಲಿಕ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 1799ರಲ್ಲಿ ಅವನು ಮಡಿದ ಮೇಲೆಯೇ ಅಳಿದುಳಿದವರಿಗೆ ಬಿಡುಗಡೆಯಾಯಿತು. ಆ ಸೆರೆವಾಸವನ್ನು ಕ್ರೈಸ್ತರಾದ ನಾವು ಮರೆತಿಲ್ಲ. ಕೊಡವರೂ ಅಲ್ಲಿಗೇ ಒಯ್ಯಲ್ಪಟ್ಟುದನ್ನು ಅಷ್ಟಾಗಿ ನೆನೆಯುವುದಿಲ್ಲ. 1791ರಲ್ಲಿ ಶೃಂಗೇರಿ ಮಠವನ್ನು ಸುಲಿದದ್ದು ಮರಾಠರ ಸೈನ್ಯ. ಪುನಃಪ್ರತಿಷ್ಠೆಗೆ ನೆರವಿತ್ತವನು ಅದೇ ಟಿಪ್ಪು. ಸುಲಿದವರು ಸ್ವಧರ್ಮೀಯರಾದುದರಿಂದಲೋ ಏನೋ, ಆ ಅಪರಾಧವು ಜನರ ನೆನಪಿನಲ್ಲಿ ಹಗುರವಾಗಿದೆ. ನಮ್ಮವರ ನೋವು ಅಕ್ಷಮ್ಯ, ಪರರ ನೋವು ಹಳೆಯ ಸಂಗತಿ: ಇದು ಎಲ್ಲ ಸಮುದಾಯಗಳ ರೂಢಿ. ಶಿಲುಬೆಯ ಮೇಲೆ ಕ್ಷಮೆಗಾಗಿ ಪ್ರಾರ್ಥಿಸಿದಾತನು ತಾನೇ ಗಾಯಗೊಂಡವನು. ನೊಂದವರ ಪರವಾಗಿ ಕ್ಷಮಿಸುವ ಅಧಿಕಾರ ನಮಗಿಲ್ಲ. 1784ರ ಲೆಕ್ಕವನ್ನು ಇಂದಿನ ನೆರೆಯವನಿಂದ ವಸೂಲುಮಾಡುವ ಅಧಿಕಾರವೂ ಇಲ್ಲ. ಪರರ ಗಾಯಕ್ಕೂ ಸಾಕ್ಷಿಗಳಾಗುವುದೇ ನಮಗುಳಿದ ಕರ್ತವ್ಯ.